ಸೆತ್ತ ಕಾಲೇಜಿನಲ್ಲಿ ತೊಪ್ಪೂರು ಬಸ್ಸು

ತೊಪ್ಪೂರು
24-4-1994

ಬೀಗರಾದ ಮಲ್ಲಪ್ಪನವರಿಗೆ ಸಿದ್ದಪ್ಪನ ನಮಸ್ಕಾರ.

ನಿಮ್ಮ ಮಗಳು ಶಶಿಕಲಾ ಚೆನ್ನಾಗಿದ್ದಾಳೆ. ನನ್ನ ಮಗ ಅಶ್ವತ್ಥ ಚೆನ್ನಾಗಿದ್ದಾನೆ. ಮೊಮ್ಮಕ್ಕಳು ಪರೀಕ್ಷೆ ಮುಗಿಸಿ ಬೇಲಿ ಹಾರುತ್ತಿದ್ದಾರೆ.

ಹೋದ ಸಲ ಬಂದಾಗ ನೀವು ಊಟದ ಎಲೆಯ ಮುಂದೆ ಕೂತು ಒಂದು ಮಾತು ಎತ್ತಿದಿರಿ. ಮೊಮ್ಮಗಳು ಸರಿತಾಳನ್ನು ಸೇಲಂನಲ್ಲಿ ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಆರನೇ ತರಗತಿಯಿಂದ ಓದಿಸುತ್ತೇನೆ ಅಂದಿರಿ. ಎಲೆ ಮುಂದೆ ಜಗಳವಾಡುವ ಅಭ್ಯಾಸ ನನಗಿಲ್ಲ, ಅದಕ್ಕೆ ಸುಮ್ಮನಿದ್ದೆ. ಈಗ ಬರೆಯುತ್ತೇನೆ. ನನಗೆ ಮನಸ್ಸಿಲ್ಲ. ಸೇಲಂನಲ್ಲಿ ದೂಳು, ಲಾರಿ, ಜನ. ನೀವಿಬ್ಬರೂ ವಯಸ್ಸಾದವರು. ಕಣ್ಣಮ್ಮನವರಿಗೆ ಮೊಣಕಾಲು ನೋವು. ಹತ್ತು ವರ್ಷದ ಹುಡುಗಿಯ ಹಿಂದೆ ಓಡುವವರು ಯಾರು?

ಮನೆಯಲ್ಲಿ ನಾನು ಹೀಗೆಂದ ದಿನದಿಂದ ನಿಮ್ಮ ಮಗಳು ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಾಳೆ. ದಿನಾ ಮರೆಯುತ್ತಾಳೆ. ಆದ್ದರಿಂದ ಒಂದು ಮಾತು. ರಜೆಯಲ್ಲಿ ಸರಿತಾ, ರಾಮು ಇಬ್ಬರನ್ನೂ ಕಳಿಸುತ್ತೇನೆ. ಇಟ್ಟುಕೊಂಡು ನೋಡಿ. ಕಳಿಸಿದ ಹಾಗೇ ವಾಪಸು ಬಂದರೆ ಮುಂದಿನ ಮಾತು.

ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ತಮಿಳು ಶಾಲೆಯ ಈ ಊರಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಓದಲು ಬರುವುದು ನನಗೊಬ್ಬನಿಗೇ. ನಾವು ಒಬ್ಬರಿಗೊಬ್ಬರು ಏನು ಬರೆದುಕೊಳ್ಳುತ್ತೇವೆಂದು ಪೋಸ್ಟ್‌ಮ್ಯಾನಿಗೆ ತಿಳಿಯುವುದು ಬೇಡ.

ಸಿದ್ದಪ್ಪ


ಸೇಲಂ
1-5-1994

ಬೀಗರಾದ ಸಿದ್ದಪ್ಪನವರ ಸನ್ನಿಧಾನಕ್ಕೆ,

ಇಲ್ಲಿ ನಾನು, ಕಣ್ಣಮ್ಮ, ಬಿಸಿಲು, ಮೂವರೂ ಗಟ್ಟಿಯಾಗಿದ್ದೇವೆ. ನಿಮ್ಮ ಪತ್ರ ಕೈಸೇರಿತು. ಓದುವುದಕ್ಕೆ ಅರ್ಧ ದಿನ ಹಿಡಿಯಿತು. ಸಾಲುಗಳು ಎಡಗಡೆ ಸರಿಯಾಗಿ ಹೊರಟು ಬಲಗಡೆ ಹೋಗುವಷ್ಟರಲ್ಲಿ ತೊಪ್ಪೂರು ಘಾಟ್ ಇಳಿದುಬಿಡುತ್ತವೆ. ಎರಡು ಕಡೆ ಒಂದರ ಮೇಲೊಂದು ಡಿಕ್ಕಿ ಹೊಡೆದಿವೆ. ಬೀಗರಿಗೆ ಬರೆಯುವಾಗಲಾದರೂ ಸ್ವಲ್ಪ ನಿಧಾನವಾಗಿ ಬರೆದರೆ ಮರ್ಯಾದೆ.

ಮಕ್ಕಳನ್ನು ಕಳಿಸಿ. ಇದೊಂದು ಪರೀಕ್ಷೆ ತಾನೇ, ನಾನು ರೆಡಿ. ಮೂವತ್ತು ವರ್ಷ ಸೇಲಂ ಧರ್ಮಪುರಿ ರೂಟಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಎಷ್ಟು ಸಾವಿರ ಜನರನ್ನು ಹತ್ತಿಸಿ ಇಳಿಸಿದ್ದೇನೋ ಲೆಕ್ಕವಿಲ್ಲ. ಕುಡಿದವರು, ಬಸುರಿಯರು, ಮೇಕೆಮರಿ, ಸಂತೆ ದಿನದ ಕೋಳಿ. ಒಂದು ಜೀವವನ್ನೂ ಕಳೆದವನಲ್ಲ. ಎರಡು ಮೊಮ್ಮಕ್ಕಳು ಯಾವ ಲೆಕ್ಕ?

ಬರೀ ಮನೆಯಲ್ಲಿ ಇಟ್ಟುಕೊಂಡರೆ ಅದೊಂದು ಪರೀಕ್ಷೆಯೇ? ಮದ್ರಾಸಿಗೇ ಕರೆದುಕೊಂಡು ಹೋಗುತ್ತೇನೆ. ದೊಡ್ಡ ಮ್ಯೂಸಿಯಂ ತೋರಿಸುತ್ತೇನೆ. ರಜೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಇರಲಿ. ಪೊಂಗಲ್ ಹಬ್ಬದ ಬಸ್ಸು ನೋಡಿದವನಿಗೆ ಜನ ಅಂದರೆ ಏನು ಭಯ?

ನಿಮ್ಮ
ಮಲ್ಲಪ್ಪ


ತೊಪ್ಪೂರು
6-5-1994

ಬೀಗರೇ,

ಮಕ್ಕಳನ್ನು ಅಶ್ವತ್ಥ ಕರೆತರುತ್ತಾನೆ. ಮದ್ರಾಸು ಯಾಕೆ ಎಂದು ಕೇಳುವುದಿಲ್ಲ. ಕೇಳಿದರೆ ನೀವು ದಿಲ್ಲಿಗೆ ಟಿಕೆಟ್ ತೆಗೆಸುತ್ತೀರಿ.

ರಾಮು ಕೈ ಬಿಟ್ಟರೆ ಓಡುತ್ತಾನೆ. ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಸರಿತಾ ಓಡುವುದಿಲ್ಲ, ಆದರೆ ಅಕ್ಷರ ಕಂಡಲ್ಲಿ ನಿಂತುಬಿಡುತ್ತಾಳೆ. ಸೋಪಿನ ಜಾಹೀರಾತನ್ನೂ ಕೊನೆಯವರೆಗೆ ಓದುತ್ತಾಳೆ. ಒಬ್ಬನು ಓಡುವವನು, ಒಬ್ಬಳು ನಿಲ್ಲುವವಳು. ಇಬ್ಬರನ್ನೂ ಹಿಡಿಯುವುದು ಹೇಗೆಂದು ಯೋಚಿಸಿ.

ನನ್ನ ಅಕ್ಷರದ ವಿಷಯ: ಪೆನ್ನು ಸರಿಯಿಲ್ಲ.

ಸಿದ್ದಪ್ಪ


ಸೇಲಂ
18-5-1994

ಬೀಗರಾದ ಸಿದ್ದಪ್ಪನವರಿಗೆ ವಿಜಯದ ನಮಸ್ಕಾರಗಳು.

ಹೋದೆವು, ನೋಡಿದೆವು, ಬಂದೆವು. ಮಕ್ಕಳು ನಾಳೆ ಅಶ್ವತ್ಥನ ಜೊತೆ ಊರಿಗೆ ಬರುತ್ತಾರೆ. ಕೈ ಎರಡು, ಕಾಲು ಎರಡು, ಎಲ್ಲ ಇದ್ದ ಹಾಗೇ ಇವೆ, ಎಣಿಸಿಕೊಳ್ಳಿ.

ಏರ್ಕಾಡ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೋಗಿ ಬೆಳಿಗ್ಗೆ ಇಳಿದೆವು. ಕಣ್ಣಮ್ಮ ಮೊಣಕಾಲಿನ ದೆಸೆಯಿಂದ ಬರಲಿಲ್ಲ. ಮ್ಯೂಸಿಯಂ ಒಂದು ಕಟ್ಟಡವಲ್ಲ ಬೀಗರೇ, ಅದೊಂದು ಊರು. ಕೆಂಪು ಕಟ್ಟಡಗಳು ಒಂದರ ಪಕ್ಕ ಒಂದು. ಒಂದರಲ್ಲಿ ಕಲ್ಲಿನ ದೇವರು, ಒಂದರಲ್ಲಿ ಕಂಚಿನ ನಟರಾಜ, ಒಂದರಲ್ಲಿ ಬಂದೂಕು, ಒಂದರಲ್ಲಿ ಹುಲ್ಲು ತುಂಬಿದ ಹುಲಿ. ತಿಮಿಂಗಿಲದ ಎಲುಬನ್ನು ಹಾಗೇ ಇಡಿಯಾಗಿ ಜೋಡಿಸಿಟ್ಟಿದ್ದಾರೆ. ಜನ ಎಷ್ಟೆಂದರೆ, ಮುಂದಿನವರ ಬೆನ್ನು ನೋಡಿ ಆಮೇಲೆ ಎಲುಬು ನೋಡಬೇಕು. ತಿರುವಣ್ಣಾಮಲೈ ಕಡೆಯ ಒಂದು ಇಡೀ ಊರೇ ಅನ್ನದ ಕ್ಯಾರಿಯರ್ ಹಿಡಿದು ಬಂದಿತ್ತು.

ಇಷ್ಟರ ನಡುವೆಯೂ ಮಕ್ಕಳು ಒಂದು ಗಳಿಗೆ ನನ್ನ ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ಐಸ್‌ಕ್ರೀಮ್ ಕೊಡಿಸಿದೆ. ಪರೀಕ್ಷೆ ಪಾಸಾಯಿತೆಂದು ತಿಳಿಯುತ್ತೇನೆ. ಶಾಲೆಯಲ್ಲಿ ಮಾತಾಡಿದ್ದೇನೆ, ಜೂನ್ ಕೊನೆಯವರೆಗೆ ಸೀಟು ಇಟ್ಟಿರುತ್ತಾರೆ.

ನಿಮ್ಮ
ಮಲ್ಲಪ್ಪ


ತೊಪ್ಪೂರು
25-5-1994

ಬೀಗರೇ,

ಮಕ್ಕಳು ಬಂದು ಸೇರಿದರು. ಕೈಕಾಲು ಎಣಿಸಿದೆ. ಸರಿಯಾಗಿದೆ.

ರಾಮು ನಿಲ್ಲದೆ ಮಾತಾಡುತ್ತಿದ್ದಾನೆ. ಅವನು ಹೇಳಿದ್ದನ್ನು ಬರೆಯುತ್ತೇನೆ, ನೀವು ವಿವರ ಕೊಡಬೇಕು.

"ತಾತ, ಆ ತಾತ ನಮ್ಮನ್ನ ಸೆತ್ತ ಕಾಲೇಜ್ಗೆ ಕರ್ಕೊಂಡೋದ್ರು. ಅಲ್ಲಿ ಎಲ್ರೂ ಸತ್ತೋಗವ್ರೆ. ಹುಲಿ ಸತ್ತೋಗೈತೆ, ಮೀನು ಸತ್ತೋಗೈತೆ. ಅಕ್ಕ ಅಲ್ಲೇ ಸೇರ್ತಾಳಂತೆ."

ಶಶಿಕಲಾ ಒಲೆಯ ಮುಂದೆ ಕೂತು ಅತ್ತಳು. ನಾನು ಸಮಾಧಾನ ಮಾಡಿದೆ. ಆದರೂ ಕೇಳುತ್ತೇನೆ. ಸರಿತಾಳನ್ನು ಸೇರಿಸಲು ನೀವು ಮಾತಾಡಿರುವುದು ಯಾವ ಕಾಲೇಜಿಗೆ?

ಇನ್ನೊಂದು. "ಕಲ್ಲು ದ್ಯಾವ್ರ ಮನೇಲಿ ತಾತ ಬಸ್ ಕರೆದ್ರು" ಅನ್ನುತ್ತಾನೆ. ಅಲ್ಲಿ ಬಸ್ ಸ್ಟ್ಯಾಂಡ್ ಕೂಡ ಇದೆಯೋ? ಸರಿತಾಳನ್ನು ಕೇಳಿದರೆ ಬಾಯಿ ಬಿಗಿದುಕೊಂಡು, "ಐಸ್‌ಕ್ರೀಮ್ ಚೆನ್ನಾಗಿತ್ತು ತಾತ" ಅನ್ನುತ್ತಾಳೆ. ಬೇರೆ ಏನು ಕೇಳಿದರೂ ಐಸ್‌ಕ್ರೀಮೇ ಉತ್ತರ.

ಸಿದ್ದಪ್ಪ


ಸೇಲಂ
29-5-1994

ಬೀಗರೇ,

ನಿಮ್ಮ ಪತ್ರ ಓದಿ ಕಣ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಶಶಿಕಲಾಗೆ ಹೇಳಿ, ಅಳುವಂಥದ್ದು ಏನೂ ಇಲ್ಲ. ಮದ್ರಾಸಿನ ಜನ ಮ್ಯೂಸಿಯಮ್ಮಿಗೆ 'ಸೆತ್ತ ಕಾಲೇಜು' ಅಂತಲೇ ಹೇಳುವುದು. ಸತ್ತ ಪ್ರಾಣಿಗಳನ್ನು ಇಟ್ಟಿರುವ ಕಾಲೇಜು ಎಂದು. ಜೀವಂತ ಪ್ರಾಣಿಗಳಿರುವ ಜೂ ಅವರಿಗೆ 'ಉಯಿರ್ ಕಾಲೇಜು'. ಆಟೋದವನು ನಮ್ಮನ್ನು ನೋಡಿದೊಡನೆ "ಸೆತ್ತ ಕಾಲೇಜಾ ಸಾರ್?" ಅಂದ. ರಾಮು ಅದನ್ನೇ ಹಿಡಿದುಕೊಂಡ. ಸರಿತಾ ಸೇರುವುದು ಉಸಿರಾಡುವ ಹೆಣ್ಣುಮಕ್ಕಳ ಶಾಲೆಗೆ.

ಬಸ್ಸಿನ ವಿಷಯ: ಮಕ್ಕಳಿಗೆ ಬೇಜಾರಾಗದಿರಲಿ ಎಂದು ನನ್ನ ಕೆಲಸದ ದಿನಗಳಲ್ಲಿ ಹೇಗೆ ಕೂಗುತ್ತಿದ್ದೆ ಎಂದು ಮೆಲ್ಲಗೆ ತೋರಿಸಿದೆ. ತಮಾಷೆಗೆ. ಕಿವಿಯ ಹತ್ತಿರ. ಅಷ್ಟೇ.

ಸೀಟಿನ ವಿಷಯ ಬೇಗ ತಿಳಿಸಿ. ಈ ಸಲದ ಪತ್ರದಲ್ಲಿ ನಿಮ್ಮ ಸಾಲುಗಳು ಹಾಳೆಯಿಂದಲೇ ಇಳಿದು ಹೋಗಿವೆ. ನನ್ನ ಮೇಲೆ ಇಷ್ಟು ಅಸಡ್ಡೆ ಬೇಡ.

ನಿಮ್ಮ
ಮಲ್ಲಪ್ಪ


ತೊಪ್ಪೂರು
3-6-1994

ಮಲ್ಲಪ್ಪನವರೇ,

ಕಿವಿಯ ಹತ್ತಿರ ಮೆಲ್ಲಗೆ ಕೂಗಿದ್ದು ನಮ್ಮೂರಿನ ಲಕ್ಷ್ಮಣನ್‌ಗೆ ಹೇಗೆ ಕೇಳಿಸಿತು?

ಅವನು ಟೊಮ್ಯಾಟೊ ಲೋಡಿನ ಜೊತೆ ಮದ್ರಾಸಿಗೆ ಹೋಗಿದ್ದನಂತೆ. ಲಾರಿ ಖಾಲಿಯಾಗುವವರೆಗೆ ಹೊತ್ತು ಕಳೆಯಲು ಮ್ಯೂಸಿಯಮ್ಮಿಗೆ ನುಗ್ಗಿದ್ದಾನೆ. ನೀವು ಮಕ್ಕಳನ್ನು ಕಳಿಸುವ ಮೊದಲೇ ಟೀ ಅಂಗಡಿಯಲ್ಲಿ ಕೂತು ಊರಿಗೆಲ್ಲ ಹೇಳಿದ.

"ಸಿದ್ದಪ್ಪಣ್ಣ, ದ್ಯಾವ್ರ ಬೊಂಬೆ ನೋಡ್ತಾ ನಿಂತಿದ್ದೆ. 'ಓಮಲೂರ್, ತೊಪ್ಪೂರ್, ಧರ್ಮ್‌ಪುರೀ' ಅಂತ ಕೇಳಿಸ್ತು. ಅಯ್ಯೋ, ಇಲ್ಲಿಂದಾನೇ ನೇರವಾಗಿ ಬಸ್ ಬಿಟ್ಟವ್ರೆ ಅಂತ ಬ್ಯಾಗ್ ಎತ್ಕೊಂಡು ಓಡ್ದೆ. ಓಗಿ ನೋಡಿದ್ರೆ ನಿಮ್ ಬೀಗ್ರು! ಒಂದ್ ಕೈಲಿ ರಾಮುನ ಇಡ್ಕೊಂಡವ್ರೆ, ಕಣ್ಣಲ್ಲಿ ನೀರು ಸುರೀತೈತೆ. ಸರಿತಾ ಇಲ್ಲ."

ಸರಿತಾ ಇಲ್ಲ. ಈ ಎರಡು ಮಾತನ್ನು ನಾನು ಟೀ ಅಂಗಡಿಯಲ್ಲಿ ಕೇಳಬೇಕಾಯಿತು. ನಿಮ್ಮ ಎರಡು ಪತ್ರಕ್ಕೆ ಕಾದೆ, ನೀವಾಗಿ ಹೇಳಲಿ ಎಂದು. ನೀವು ಐಸ್‌ಕ್ರೀಮ್ ಬರೆದಿರಿ.

ಸರಿತಾ ಸೇಲಂಗೆ ಬರುವುದಿಲ್ಲ. ಸೀಟನ್ನು ಬೇರೆ ಯಾರಿಗಾದರೂ ಕೊಡಲು ಹೇಳಿ.

ಸಿದ್ದಪ್ಪ


ಸೇಲಂ
7-6-1994

ಸಿದ್ದಪ್ಪನವರೇ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೆ ಬೈಯಿರಿ.

ತಿಮಿಂಗಿಲದ ಎಲುಬಿನ ಹತ್ತಿರ ನಿಂತಿದ್ದಾಗ ರಾಮು "ತಾತ, ಒಂದಕ್ಕೆ" ಅಂದ. ಸರಿತಾ ಗೋಡೆಯ ಮೇಲಿನ ಬೋರ್ಡು ಓದುತ್ತಿದ್ದಳು. ಪಕ್ಕದಲ್ಲಿ ಓದು ಬಾರದ ಒಬ್ಬ ಮುದುಕಿ, ಅವಳಿಗೂ ಸೇರಿಸಿ ಗಟ್ಟಿಯಾಗಿ ಓದುತ್ತಿದ್ದಳು. ಕರೆದರೆ "ಇನ್ನ ನಾಲ್ಕೇ ಸಾಲು ಐತೆ ತಾತ" ಅಂದಳು. ರಾಮು ಕುಣಿಯತೊಡಗಿದ್ದ. "ಇಲ್ಲೇ ನಿಂತ್ಕೊ ತಾಯಿ, ಅಲ್ಲಾಡಬ್ಯಾಡ" ಎಂದು ಹೇಳಿ ಅವನನ್ನು ಎತ್ತಿಕೊಂಡು ಓಡಿದೆ.

ಅಲ್ಲಿ ಉದ್ದ ಕ್ಯೂ. ಕೆಲಸ ಮುಗಿಸಿ ಬಂದರೆ ನಾನು ಹೊರಟ ಕಟ್ಟಡ ಯಾವುದು? ಎಲ್ಲ ಕೆಂಪು, ಎಲ್ಲದಕ್ಕೂ ಮೆಟ್ಟಿಲು. ಒಂದಕ್ಕೆ ಹೋದೆ, ಕಲ್ಲಿನ ದೇವರು. ಇನ್ನೊಂದಕ್ಕೆ ಹೋದೆ, ಬಂದೂಕು. ಒಬ್ಬರನ್ನು ಎಲುಬು ಎಲ್ಲಿದೆ ಎಂದು ಕೇಳಿದೆ, ಆನೆಯ ಎಲುಬಿಗೆ ಕಳಿಸಿದರು. ಜನ ನನ್ನನ್ನು ತಳ್ಳಿಕೊಂಡು ಹೋಗಿ ಮತ್ತೆ ಕಲ್ಲಿನ ದೇವರ ಮುಂದೆ ನಿಲ್ಲಿಸಿದರು. "ಸರಿತಾ" ಎಂದು ಕೂಗಿದೆ. ಇಬ್ಬರು ಸರಿತಾ ತಿರುಗಿ ನೋಡಿದರು, ಇಬ್ಬರೂ ಬೇರೆಯವರ ಮಕ್ಕಳು. ರಾಮು ನನ್ನ ಮುಖ ನೋಡಿ ಅಳಲು ಶುರುಮಾಡಿದ.

ನಾನು ಯೋಚಿಸಿ ಮಾಡಿದ್ದಲ್ಲ. ಬಾಯಿ ತಾನಾಗಿ ತೆರೆಯಿತು. "ಓಮಲೂರ್, ತೊಪ್ಪೂರ್, ಧರ್ಮ್‌ಪುರೀ! ಏರು ಏರು!" ಮೂವತ್ತು ವರ್ಷದ ಗಂಟಲು. ಆ ಎತ್ತರದ ಚಾವಣಿಗೆ ತಾಗಿ ಮೂರು ಪಟ್ಟಾಗಿ ವಾಪಸು ಬಂತು. ಮತ್ತೆ ಕೂಗಿದೆ. ಜನ ಬಂದರು! ಧರ್ಮಪುರಿ ಪಕ್ಕದ ನಲ್ಲಂಪಳ್ಳಿಯ ಗಂಡ ಹೆಂಡತಿ ಗಂಟು ಹೊತ್ತುಕೊಂಡು ಬಂದರು. "ಎಷ್ಟೊತ್ತಿಗೆ ಅಣ್ಣ ಬಸ್ಸು?" ಒಬ್ಬ ಹೆಂಗಸು ತನ್ನ ಕೂಸನ್ನು ನನ್ನ ಕೈಗೆ ಕೊಟ್ಟು, "ಗಾಳಿ ಬರೋ ಜನ್ನಲ್ ಸೀಟ್ ಇಡ್ಕೊಳಿ, ನಮ್ಮೋರ್ನ ಕರ್ಕೊಂಡು ಬತ್ತೀನಿ" ಅಂತ ಹೊರಟೇ ಹೋದಳು. ಒಂದು ಮಗು ಕಳೆದುಕೊಂಡವನ ಕೈಯಲ್ಲಿ ಈಗ ಎರಡು ಮಕ್ಕಳು. ನಿಮ್ಮ ಲಕ್ಷ್ಮಣನ್ ಬ್ಯಾಗ್ ಸಮೇತ ಬಂದ. ಕಾವಲುಗಾರ ಬಂದು ನನ್ನ ಭುಜ ಹಿಡಿದು, "ಪೆರಿಯವರೇ, ಇಲ್ಲಿಗೆ ಬಸ್ಸು ಬರುವುದಿಲ್ಲ" ಎಂದು ತಮಿಳಿನಲ್ಲಿ ಬಹಳ ಮೆತ್ತಗೆ ಹೇಳಿದ. ತಲೆ ಕೆಟ್ಟವನೆಂದು ತಿಳಿದಿರಬೇಕು. ಕೂಸಿನ ತಾಯಿ ಅದನ್ನು ಕೇಳಿ ಬಂದು ಕೂಸನ್ನು ಕಸಿದುಕೊಂಡಳು.

ಅಷ್ಟರಲ್ಲಿ ನನ್ನ ಕೂಗು ಕೇಳಿ ಸರಿತಾ ಬಂದಳು. ಅಳುತ್ತಾ ಓಡಿ ಬಂದಳು ಅಂದುಕೊಂಡಿರೋ? ಆ ಮುದುಕಿಯ ಕೈ ಹಿಡಿದುಕೊಂಡು, ದಾರಿ ಬಿಡಿಸಿಕೊಂಡು, ನಿಧಾನವಾಗಿ ಬಂದಳು.

"ಪಾಟಿ, ಇವ್ರೇ ನಮ್ ತಾತ. ಕಳೆದೋಗಿದ್ರು" ಎಂದು ಮುದುಕಿಗೆ ನನ್ನನ್ನು ತೋರಿಸಿದಳು.

"ನಾನು ಕಳೆದೋದ್ನಾ? ನೀನಲ್ವಾ ತಾಯಿ?" ಅಂದೆ.

"ನೀವ್ ಏಳಿದ್ ಜಾಗದಲ್ಲೇ ನಾನಿದ್ದೆ ತಾತ. ನೀವೇ ಇರಲಿಲ್ಲ."

ನಿಮಗೆ ಹೇಳಬೇಡವೆಂದು ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿದ್ದು ನಿಜ. ನಿಮ್ಮ ಮುಂದೆ ಸಣ್ಣವನಾಗಲು ಮನಸ್ಸಾಗಲಿಲ್ಲ.

ಈಗ ಇನ್ನೊಂದು ವಿಷಯ. ಐಸ್‌ಕ್ರೀಮ್ ತಿನ್ನುತ್ತಾ ಸರಿತಾ ನನ್ನ ಕೈ ಹಿಡಿದುಕೊಂಡಳು. "ತೊಪ್ಪೂರ್ ತಾತನ ಕೈ ದಿನಾ ಇಡ್ಕೊಂಡೇ ಓಗ್ತೀನಿ. ಬಾವಿ ಅತ್ರ ಮೆಟ್ಲು ಐತೆ, ಕಾಲು ಎತ್ತು ತಾತ ಅಂತೀನಿ. ನಿಮ್ಮನ್ನೂ ಇಡ್ಕೊಂಡಿರಬೇಕಿತ್ತು" ಅಂದಳು. ಆಮೇಲೆ ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

ಮೊಮ್ಮಗಳ ಪ್ರೀತಿ ಅಂದುಕೊಂಡು ಹೊಟ್ಟೆಕಿಚ್ಚು ಪಟ್ಟೆ. ನಿನ್ನೆ ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಮುಂದಿಟ್ಟುಕೊಂಡು ಕೂತಾಗ ಬೇರೆ ಯೋಚನೆ ಬಂತು. ಆ ಬಾವಿ ತೋಡಿಸಿದವರು ನೀವು. ಮೆಟ್ಟಿಲು ಕಟ್ಟಿಸಿದವರೂ ನೀವು. ಅಲ್ಲಿ ಮೆಟ್ಟಿಲಿದೆ ಎಂದು ನಿಮಗೆ ಯಾಕೆ ಹೇಳಬೇಕು?

ಮಲ್ಲಪ್ಪ


ಸೇಲಂ
17-6-1994

ಬೀಗರೇ,

ಉತ್ತರ ಬರಲಿಲ್ಲ. ಶಾಲೆ ಶುರುವಾಗಿದೆ. ಸೀಟು ಇನ್ನೂ ಇದೆ. ಬೈದಾದರೂ ಒಂದು ಕಾರ್ಡು ಬರೆಯಿರಿ. ನಿಮ್ಮ ಅಕ್ಷರದ ಬಗ್ಗೆ ಬರೆದ ಮಾತುಗಳನ್ನು ವಾಪಸು ತೆಗೆದುಕೊಂಡಿದ್ದೇನೆ.

ಮಲ್ಲಪ್ಪ


ತೊಪ್ಪೂರು
21-6-1994

ಬೀಗರೇ,

ನಿಮ್ಮ ಪತ್ರಗಳು ಬಹಳ ಉದ್ದ. ನಡುಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕೂತು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಒಂದೊಂದು ಅಕ್ಷರ ಕಾಣುತ್ತದೆ. ನೀವು ಹುಲ್ಲು ತುಂಬಿದ ಹುಲಿಗೂ ಎರಡು ಸಾಲು ಬರೆದರೆ ನನ್ನ ತಲೆ ಸುಡುತ್ತದೆ. ತಡವಾದದ್ದು ಅದಕ್ಕೆ. ಅದೊಂದಕ್ಕೇ ಅಲ್ಲ, ಕೋಪವೂ ಇತ್ತು.

ಎರಡು ಕಣ್ಣಿಗೂ ಹಾಲು ಸುರಿದ ಹಾಗಾಗಿ ಮೂರ್ನಾಲ್ಕು ವರ್ಷವಾಯಿತು. ಮೊದಲು ಮಬ್ಬು, ಈಗ ಹೆಚ್ಚಾಗಿದೆ. ಧರ್ಮಪುರಿಯಲ್ಲಿ ಒಮ್ಮೆ ತೋರಿಸಿದೆ, ಪೊರೆ, ಕೊಯ್ದು ತೆಗೆಯಬೇಕು ಅಂದರು. ನಾನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಕಣ್ಣಿಗೆ ಕತ್ತಿ ಹಾಕುತ್ತಾರೆ ಎಂದರೆ ನನಗೆ ಭಯ. ಹಾವು ಹಿಡಿದಿದ್ದೇನೆ, ಅದಕ್ಕೆ ಭಯವಿಲ್ಲ. ಇದಕ್ಕೆ ಭಯ. ಸರಿತಾ ತಾನಾಗಿಯೇ ಕಂಡುಹಿಡಿದಳು. ಹೊಲಕ್ಕೆ, ಬಾವಿಗೆ, ಬಸ್ಸಿಗೆ, ಎಲ್ಲದಕ್ಕೂ ಅವಳೇ ಕೈ. ಬಂದವರು ಯಾರೆಂದು ಕಿವಿಯಲ್ಲಿ ಹೇಳುತ್ತಾಳೆ. ಸೇಲಂನ ದೂಳು, ಲಾರಿ ಅಂತೆಲ್ಲ ಬರೆದೆನಲ್ಲ, ಅದಲ್ಲ ಕಾರಣ. ಅವಳು ಹೋದರೆ ನಾನು ಅಂಗಳ ದಾಟಲಾರೆ.

ನಿಮಗೆ ಸೀಟು ಬೇಡವೆಂದು ಬರೆದ ದಿನ ಸರಿತಾಳನ್ನು ಕೂರಿಸಿಕೊಂಡು ಹೇಳಲು ಹೊರಟೆ. ನಾನು ಬಾಯಿ ತೆರೆಯುವ ಮೊದಲೇ, "ನಾ ಓಗಲ್ಲ ಬಿಡಿ ತಾತ, ನಂಗೆ ಅದೇನ್ ಬ್ಯಾಡ" ಅಂದಳು. ದೊಡ್ಡವರು ಹೇಳುವ ಹಾಗೆ ಹೇಳಿದಳು. ಅತ್ತಿದ್ದರೆ ಬೈದು ಮುಗಿಸುತ್ತಿದ್ದೆ. ಹತ್ತು ವರ್ಷದ ಮಗು ಹಾಗೆ ಹೇಳಬಾರದು. ಆವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ. ಈಗ ಸಾರಿಗೆ ಉಪ್ಪೂ ಇರುತ್ತದೆ.

ಆಪರೇಷನ್ ಅಂದರೆ ಬಹಳ ನೋವೋ?

ಸಿದ್ದಪ್ಪ


ಸೇಲಂ
24-6-1994

ಬೀಗರೇ,

ನಿಮ್ಮ ಕಷ್ಟ ತಿಳಿಯಿತು. ಅದಕ್ಕೆ ದಪ್ಪ ಅಕ್ಷರ, ಸಣ್ಣ ಪತ್ರ.

ನೋವಿಲ್ಲ. ಕಣ್ಣಮ್ಮನ ಅಕ್ಕ ಕುಪ್ಪಮ್ಮ ಮಾಡಿಸಿಕೊಂಡಿದ್ದಾಳೆ, ಈಗ ಬೀದಿಯ ಆ ತುದಿಯಲ್ಲಿ ಯಾರ ಮನೆಗೆ ಯಾರು ಬಂದರು ಎಂದು ಹೇಳುತ್ತಾಳೆ.

ಭಾನುವಾರ ಸರಿತಾಳನ್ನು ಕರೆದುಕೊಂಡು ನೀವೇ ಬನ್ನಿ. ಅವಳನ್ನು ಶಾಲೆಗೆ ಬಿಡೋಣ, ನಿಮ್ಮನ್ನು ಆಸ್ಪತ್ರೆಗೆ ಬಿಡೋಣ. ಗುಣವಾಗುವವರೆಗೆ ಇಲ್ಲೇ ಇರಿ. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ನಿಮ್ಮ ಕೈ ನಾನು ಹಿಡಿಯುತ್ತೇನೆ. ದಾರಿ ತಪ್ಪಿದರೆ ಹೇಗೆ ಕೂಗುವುದೆಂದು ನನಗೆ ಗೊತ್ತು.

ಶಶಿಕಲಾಗೂ ಅಶ್ವತ್ಥನಿಗೂ ನೀವೇ ಹೇಳಿ ಬನ್ನಿ. ಈ ಸಲ ಯಾರಿಗೂ ಐಸ್‌ಕ್ರೀಮ್ ಇಲ್ಲ.

ಮಲ್ಲಪ್ಪ


ತೊಪ್ಪೂರು
28-8-1994

ಬೀಗರಾದ ಮಲ್ಲಪ್ಪನವರಿಗೆ,

ಕ್ಷೇಮವಾಗಿ ಮನೆ ಸೇರಿದೆ. ಹೊಸ ಕನ್ನಡಕ ಹಾಕಿಕೊಂಡು ಬರೆದ ಮೊದಲ ಪತ್ರ ಇದು. ಆಸ್ಪತ್ರೆಯಲ್ಲಿ ನಾನು ಕಿರುಚಿದ್ದನ್ನು ಲಕ್ಷ್ಮಣನ್‌ಗೆ ಹೇಳಿದ್ದೀರೆಂದು ಗೊತ್ತಾಯಿತು. ನೆನಪಿಟ್ಟುಕೊಂಡಿದ್ದೇನೆ.

ಸರಿತಾಗೆ ಹೇಳಿ, ಬಾವಿಯ ಹತ್ತಿರ ಒಬ್ಬನೇ ಹೋಗಿ ಬಂದೆ. ಕಾಲೂ ಎತ್ತಿದೆ. ಅವಳು ಹೋಂವರ್ಕ್ ಬರೆಯುವಾಗ ನೀವು ಪಕ್ಕದಲ್ಲಿ ಕೂತು ಕಂಡಕ್ಟರ್ ಕಥೆ ಹೇಳಬೇಡಿ.

ಮನೆಯಲ್ಲಿ ನೋಡುವುದು ಬಹಳ ಇತ್ತು. ಅಶ್ವತ್ಥ ಬಾಗಿಲಿಗೆ ಯಾವಾಗಲೋ ಹಸಿರು ಬಣ್ಣ ಹೊಡೆಸಿದ್ದಾನೆ. ಯಾರನ್ನು ಕೇಳಿ ಹೊಡೆಸಿದ ಎಂದು ಬೈದೆ. "ನಿಮ್ಮನ್ನೇ ಕೇಳಿದ್ದೆ, ಚೆನ್ನಾಗೈತೆ ಅಂದ್ರಿ" ಅಂದ. ಅಂದಿರಬೇಕು.

ನಿನ್ನೆ ಊಟದ ಹೊತ್ತಿನಲ್ಲಿ ರಾಮು ನನ್ನ ಎದುರಿಗೆ ಕೂತ. ಕೂಸಾಗಿದ್ದಾಗ ಎಲ್ಲ ಕೂಸುಗಳ ಹಾಗೇ ಇದ್ದ. ಆಮೇಲೆ ಕಣ್ಣು ಮಬ್ಬಾಯಿತು. ಪತ್ರವಾದರೆ ಮೂಗಿನ ಹತ್ತಿರ ಹಿಡಿದು ಓದಬಹುದು, ಇವನು ಹಿಡಿದರೆ ನಿಲ್ಲುತ್ತಾನೆಯೇ? ನಿನ್ನೆ ಪಾಯಸವಿತ್ತು, ಅದಕ್ಕೆ ಕೂತಿದ್ದ. ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ಬೀಗರೇ, ಹುಡುಗ ಅಚ್ಚು ನೀವೇ. ಅದೇ ಮೂಗು, ಅದೇ ಅಗಲ ಬಾಯಿ, ಮಾತಾಡುವಾಗ ಹುಬ್ಬು ಹಾರಿಸುವುದೂ ಅದೇ. ಇಷ್ಟು ವರ್ಷ ನನ್ನ ಮನೆಯಲ್ಲಿ ನಿಮ್ಮ ಮುಖ ಓಡಾಡುತ್ತಿದೆ, ನನಗೆ ಯಾರೂ ಹೇಳಿಲ್ಲ.

ಶಶಿಕಲಾಳನ್ನು ಕರೆದು ಕೇಳಿದೆ.

"ನಿಮ್ಗೆ ಬೇಜಾರಾಗ್ತೈತೆ ಅಂತ ಏಳಿಲ್ಲ ಮಾವ" ಅಂದಳು.

ಬೇಜಾರೇನೂ ಆಗಲಿಲ್ಲ. ಅವನು ಪಾಯಸ ಮುಗಿಸಿ ಎದ್ದು ಓಡುವವರೆಗೂ ನೋಡುತ್ತಾ ಕೂತಿದ್ದೆ. ಓಡುತ್ತಿದ್ದವನನ್ನು ಕರೆದು ಇನ್ನೊಂದು ಸೌಟು ಹಾಕಿಸಿದೆ.

ಸಿದ್ದಪ್ಪ